ಚಿಲಕ, ನಲ್ಲಿ, ಸ್ವಿಚ್ಚು: ಪುಟ್ಟ ಮಗುವಿನ ಮೊದಲ ಪ್ರಯೋಗಶಾಲೆ

ಒಂದೂವರೆ ವರ್ಷದ ಮಗು ಇರುವ ಯಾವುದೇ ಮನೆಗೆ ಹೋಗಿ ನೋಡಿ. ಜಾತ್ರೆಯಲ್ಲಿ ಕೊಂಡು ತಂದ ಗೊಂಬೆ ಮೂಲೆಯಲ್ಲಿ ಬಿದ್ದಿರುತ್ತದೆ. ಮಗು ಬಾಗಿಲಿನ ಚಿಲಕವನ್ನು ಎಳೆಯುತ್ತಿರುತ್ತದೆ, ನಲ್ಲಿಯ ಬಾಯಿಗೆ ಬೆರಳು ಒತ್ತುತ್ತಿರುತ್ತದೆ, ಇಲ್ಲವೇ ಅಮ್ಮನ ಸೊಂಟದ ಮೇಲೆ ಕುಳಿತು ಸ್ವಿಚ್ಚನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿರುತ್ತದೆ. ದೊಡ್ಡವರು "ಮುಟ್ಟಬೇಡ" ಎಂದು ಗದರಿ ಎತ್ತಿಕೊಂಡು ಹೋಗುತ್ತಾರೆ. ಎರಡು ನಿಮಿಷ ಕಳೆಯುವುದರೊಳಗೆ ಮಗು ಮತ್ತೆ ಅಲ್ಲೇ ಹಾಜರು.

ಇದನ್ನು ನಾವು ತುಂಟತನ ಎನ್ನುತ್ತೇವೆ. ಮಕ್ಕಳ ಕಲಿಕೆಯನ್ನು ಅಧ್ಯಯನ ಮಾಡಿದವರು ಇದನ್ನು ಪ್ರಯೋಗ ಎನ್ನುತ್ತಾರೆ.

ಇಷ್ಟು ಚಿಕ್ಕ ಮಗುವಿನ ವಿಚಾರ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಏಕೆ ಎಂದು ನೀವು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ 4 ಮತ್ತು 5ನೇ ತರಗತಿಯ ಅನೇಕ ಮಕ್ಕಳು ಶಾಲೆಯಿಂದ ಮನೆಗೆ ಹೋದ ಕೂಡಲೇ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತಾರೆ. ಈ ವಯಸ್ಸಿನವರ ಮೇಲೆ ಅಂತಹ ಪೂರ್ಣ ಹೊಣೆ ಹೊರಿಸುವುದು ಸರಿಯಲ್ಲ. ಆದರೂ ಅಪ್ಪ ಅಮ್ಮ ಹೊಲದಿಂದ ಅಥವಾ ಕೂಲಿಯಿಂದ ಬರುವವರೆಗೆ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದು ಇದೇ. ಪುಟ್ಟ ಮಗು ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಆ ಅಕ್ಕ ಅಣ್ಣಂದಿರಿಗೆ ಇರಲೇಬೇಕು.

ಎರಡನೆಯದು, ಇಂದು ಚಿಲಕ ಎಳೆಯುವ ಮಗುವೇ ನಾಲ್ಕೈದು ವರ್ಷಗಳಲ್ಲಿ ನಮ್ಮ ಒಂದನೇ ತರಗತಿಗೆ ಬರುತ್ತದೆ. ಶಾಲೆಗಳಲ್ಲಿ ಪ್ರಯೋಗ ಮಾಡಿಸುವಾಗ ನಾನು ಗಮನಿಸಿರುವ ಒಂದು ಸಂಗತಿ ಇದೆ. ಶುಷ್ಕಕೋಶ, ಬಲ್ಬು, ತಂತಿಗಳನ್ನು ಮೇಜಿನ ಮೇಲೆ ಇಟ್ಟರೆ ಕೆಲವು ಮಕ್ಕಳು ಒಡನೆ ಕೈ ಹಾಕುತ್ತಾರೆ. ಇನ್ನು ಕೆಲವರು ಕೈ ಹಿಂದೆ ಕಟ್ಟಿಕೊಂಡು "ಸಾರ್, ಮುಟ್ಟಬಹುದಾ?" ಎಂದು ಕೇಳುತ್ತಾರೆ. ಕೇಳುವುದು ಒಳ್ಳೆಯ ಅಭ್ಯಾಸವೇ. ಆದರೆ "ಮುಟ್ಟಿ" ಎಂದ ಮೇಲೂ ಮುಟ್ಟಲು ಹಿಂಜರಿಯುವ ಮಕ್ಕಳಿದ್ದಾರೆ. ಅಂತಹ ಮಗುವಿಗೆ ವಿಜ್ಞಾನ ಕೇವಲ ಬಾಯಿಪಾಠವಾಗಿ ಉಳಿಯುವ ಅಪಾಯವಿದೆ.

ಮಗು ನಿಜವಾಗಿ ಮಾಡುತ್ತಿರುವುದೇನು?

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896-1980) ತನ್ನ ಮೂವರು ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸುತ್ತಾ ದಿನಚರಿ ಬರೆದಿಟ್ಟರು. ಅದರ ಆಧಾರದ ಮೇಲೆ 1936ರಲ್ಲಿ ಅವರು ಪ್ರಕಟಿಸಿದ ಗ್ರಂಥವು ಶಿಶುಗಳ ಬುದ್ಧಿ ಬೆಳವಣಿಗೆಯ ಅಧ್ಯಯನಕ್ಕೆ ಬುನಾದಿಯಾಯಿತು. ಸುಮಾರು 12ರಿಂದ 18 ತಿಂಗಳ ಅವಧಿಯಲ್ಲಿ ಮಗು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ, ಆದರೆ ಪ್ರತಿ ಸಲವೂ ಸ್ವಲ್ಪ ಬದಲಿಸಿ ಮಾಡುತ್ತದೆ ಎಂದು ಅವರು ಗುರುತಿಸಿದರು. ಚಮಚವನ್ನು ಒಮ್ಮೆ ಮೇಲಿನಿಂದ ಬೀಳಿಸುತ್ತದೆ, ಒಮ್ಮೆ ಕೆಳಗಿನಿಂದ, ಒಮ್ಮೆ ಪಕ್ಕಕ್ಕೆ. ಬಿದ್ದದ್ದನ್ನು ಬಗ್ಗಿ ನೋಡುತ್ತದೆ. ಒಂದು ಅಂಶವನ್ನು ಬದಲಿಸಿ ಫಲಿತಾಂಶ ಏನಾಗುತ್ತದೆ ಎಂದು ನೋಡುವುದನ್ನೇ ಅಲ್ಲವೇ ನಾವು ಪ್ರಯೋಗ ಎಂದು ಕರೆಯುವುದು?

ಪಿಯಾಜೆ ಬರೆದಿರುವ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಅವರ ಮಗಳು ಲೂಸಿಯೆನ್‌ಗೆ ಆಗ 1 ವರ್ಷ 4 ತಿಂಗಳು. ಬೆಂಕಿಪೊಟ್ಟಣದೊಳಗೆ ಒಂದು ಸಣ್ಣ ಸರಪಳಿ ಹಾಕಿ, ಪೊಟ್ಟಣವನ್ನು ತೀರಾ ಕಿರಿದಾದ ಸೀಳು ಉಳಿಯುವಷ್ಟು ಮುಚ್ಚಿ ಅವಳ ಕೈಗೆ ಕೊಟ್ಟರು. ಬೆರಳು ಹಾಕಿದಳು, ಸರಪಳಿ ಸಿಗಲಿಲ್ಲ. ಅವಳು ಸೀಳನ್ನೇ ದಿಟ್ಟಿಸುತ್ತಾ ತನ್ನ ಬಾಯಿಯನ್ನು ಸ್ವಲ್ಪ ತೆರೆದಳು, ಮತ್ತೆ ಇನ್ನೂ ಅಗಲವಾಗಿ ತೆರೆದಳು. ಆಮೇಲೆ ಸೀಳಿನೊಳಗೆ ಬೆರಳಿಟ್ಟು ಪೊಟ್ಟಣವನ್ನು ಎಳೆದು ತೆರೆದೇಬಿಟ್ಟಳು. ಮಾತು ಬಾರದ ಮಗು 'ಇದನ್ನು ಅಗಲ ಮಾಡಬೇಕು' ಎಂಬ ಯೋಚನೆಯನ್ನು ಬಾಯಿಯ ಚಲನೆಯಿಂದಲೇ ಮಾಡಿತು ಎಂದು ಪಿಯಾಜೆ ಅರ್ಥೈಸಿದರು.

ಇತ್ತೀಚಿನ ಅಧ್ಯಯನಗಳು ಹೇಳುವುದೇನು?

ಪಿಯಾಜೆಯವರ ನಂತರ ಅನೇಕ ವಿಜ್ಞಾನಿಗಳು ಈ ವಿಚಾರವನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಮೂರನ್ನು ಮಾತ್ರ ನೋಡೋಣ.

ಅಮೆರಿಕದ ಏಮಿ ಸ್ಟಾಲ್ ಮತ್ತು ಲೀಸಾ ಫೈಗೆನ್‌ಸನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ತಿಂಗಳ ಶಿಶುಗಳಿಗೆ ಕಣ್ಕಟ್ಟಿನಂತಹ ದೃಶ್ಯಗಳನ್ನು ತೋರಿಸಿದರು. ಕೆಲವು ಶಿಶುಗಳಿಗೆ ಚೆಂಡೊಂದು ಗಟ್ಟಿ ಗೋಡೆಯೊಳಗಿಂದ ದಾಟಿದಂತೆ ಕಾಣಿಸಿದರು. ಇನ್ನು ಕೆಲವಕ್ಕೆ ಆಟಿಕೆಯ ಕಾರು ಅಂಚು ದಾಟಿದರೂ ಬೀಳದೆ ಗಾಳಿಯಲ್ಲೇ ನಿಂತಂತೆ ತೋರಿಸಿದರು. ಬಳಿಕ ಆ ವಸ್ತುಗಳನ್ನೇ ಕೈಗೆ ಕೊಟ್ಟಾಗ, ಗೋಡೆ ದಾಟಿದ ಚೆಂಡನ್ನು ಕಂಡ ಶಿಶುಗಳು ಅದನ್ನು ಮೇಜಿಗೆ ಬಡಿದು ನೋಡಿದವು. ಬೀಳದ ಕಾರನ್ನು ಕಂಡವು ಅದನ್ನು ಕೆಳಗೆ ಬಿಟ್ಟು ನೋಡಿದವು. ಅಂದರೆ ಸಂದೇಹ ಯಾವುದೋ, ಪರೀಕ್ಷೆಯೂ ಅದಕ್ಕೆ ತಕ್ಕದ್ದೇ ಆಗಿತ್ತು.

ಲಾರಾ ಶುಲ್ಜ್ ಮತ್ತು ಎಲಿಜಬೆತ್ ಬೋನವಿಟ್ಜ್ 2007ರಲ್ಲಿ ಶಾಲಾಪೂರ್ವ ಮಕ್ಕಳಿಗೆ ಎರಡು ಹಿಡಿಗಳಿರುವ ಒಂದು ಪೆಟ್ಟಿಗೆ ತೋರಿಸಿದರು. ಹಿಡಿ ಒತ್ತಿದರೆ ಬೊಂಬೆ ಮೇಲೆ ಹಾರುತ್ತದೆ. ಎರಡೂ ಹಿಡಿಗಳನ್ನು ಒಟ್ಟಿಗೇ ಒತ್ತಿದಾಗ ಯಾವುದರಿಂದ ಯಾವ ಬೊಂಬೆ ಎದ್ದಿತು ಎಂಬುದು ತಿಳಿಯುವುದಿಲ್ಲ. ಇಂತಹ ಗೊಂದಲ ಉಳಿದಾಗ ಮಕ್ಕಳು ಹೊಸ ಪೆಟ್ಟಿಗೆ ಪಕ್ಕದಲ್ಲಿದ್ದರೂ ಹಳೆಯದನ್ನೇ ಹಿಡಿದು ಆಡಿದರು. ಒಂದೊಂದು ಹಿಡಿಯನ್ನೂ ಬೇರೆ ಬೇರೆಯಾಗಿ ಒತ್ತಿ ತೋರಿಸಿದಾಗ ಹೊಸ ಪೆಟ್ಟಿಗೆಯತ್ತ ಹೋದರು. ಮಗು ಚಿಲಕದ ಬಳಿಗೇ ಮತ್ತೆ ಮತ್ತೆ ಬರುತ್ತಿದ್ದರೆ, ಅದರ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲದೆ ಇರಬಹುದು.

ಮೂರನೆಯದು ನಮ್ಮಂತಹ ಶಿಕ್ಷಕರು ವಿಶೇಷವಾಗಿ ಗಮನಿಸಬೇಕಾದದ್ದು. ಬೋನವಿಟ್ಜ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ನಾಲ್ಕು ಬಗೆಯ ಗುಟ್ಟುಗಳಿರುವ ಒಂದು ಆಟಿಕೆ. ಒಂದು ಗುಂಪಿಗೆ "ನೋಡಿ, ಇದು ಹೀಗೆ ಕೆಲಸ ಮಾಡುತ್ತದೆ" ಎಂದು ಪಾಠ ಹೇಳುವಂತೆ ಒಂದೇ ಗುಟ್ಟನ್ನು ತೋರಿಸಲಾಯಿತು. ಇನ್ನೊಂದು ಗುಂಪಿನ ಮುಂದೆ ಅದೇ ಗುಟ್ಟು ಆಕಸ್ಮಿಕವಾಗಿ ಹೊರಬಿದ್ದಂತೆ ಮಾಡಲಾಯಿತು. ಪಾಠ ಹೇಳಿಸಿಕೊಂಡ ಮಕ್ಕಳು ಆ ಒಂದನ್ನೇ ಮಾಡುತ್ತಾ ಬೇಗ ಆಟ ನಿಲ್ಲಿಸಿದರು. ಎರಡನೇ ಗುಂಪಿನವರು ಹೆಚ್ಚು ಹೊತ್ತು ಹುಡುಕಾಡಿ ಹೆಚ್ಚು ಗುಟ್ಟುಗಳನ್ನು ಪತ್ತೆಹಚ್ಚಿದರು. ಕಲಿಸುವುದು ಬೇಡ ಎಂದು ಇದರ ಅರ್ಥವಲ್ಲ. ಎಲ್ಲವನ್ನೂ ಮೊದಲೇ ಹೇಳಿಬಿಟ್ಟರೆ ಹುಡುಕಲು ಏನೂ ಉಳಿದಿಲ್ಲ ಎಂದು ಮಗು ತಿಳಿಯುತ್ತದೆ ಎಂಬುದು ಇದರ ತಾತ್ಪರ್ಯ.

ಮನೆಯ ಸಾಧನಗಳಲ್ಲಿ ಅಡಗಿರುವ ವಿಜ್ಞಾನ

ಮಗು ಆಡುವ ಸಾಧನಗಳು ಸಾಮಾನ್ಯವಾದವು. ಅವುಗಳಲ್ಲಿರುವ ತತ್ತ್ವಗಳು ನಮ್ಮ ಪಠ್ಯಪುಸ್ತಕದಲ್ಲಿ ಮುಂದೆ ಬರುವ ತತ್ತ್ವಗಳೇ. ಒಂದೊಂದಾಗಿ ನೋಡೋಣ.

*ಬಾಗಿಲು:* ಮಗು ಮೊದಲು ಬಾಗಿಲನ್ನು ಎಲ್ಲೆಂದರಲ್ಲಿ ತಳ್ಳುತ್ತದೆ. ಬಿಜಾಗರಿಯ ಹತ್ತಿರ ತಳ್ಳಿದಾಗ ಬಾಗಿಲು ಜಗ್ಗುವುದಿಲ್ಲ, ತುದಿಯಲ್ಲಿ ತಳ್ಳಿದಾಗ ಸಲೀಸಾಗಿ ತಿರುಗುತ್ತದೆ. ಕೆಲವು ದಿನಗಳ ನಂತರ ನೋಡಿ, ಮಗು ನೇರವಾಗಿ ತುದಿಗೇ ಕೈ ಹಾಕುತ್ತದೆ. ಸನ್ನೆಯ ತತ್ತ್ವ ಇದೇ. ತಿರುಗಿಸುವ ಪರಿಣಾಮವು ಬಲವನ್ನೂ ಬಿಜಾಗರಿಯಿಂದ ಇರುವ ದೂರವನ್ನೂ ಗುಣಿಸಿದಷ್ಟು. ಬಿಜಾಗರಿಯಿಂದ 80 ಸೆಂ.ಮೀ. ದೂರದಲ್ಲಿ 10 ನ್ಯೂಟನ್ ಬಲ ಸಾಕಾದರೆ, 20 ಸೆಂ.ಮೀ. ದೂರದಲ್ಲಿ 40 ನ್ಯೂಟನ್ ಬೇಕು. ಒಂದು ಕಿಲೋಗ್ರಾಂ ತೂಕದ ವಸ್ತುವನ್ನು ಎತ್ತಿ ಹಿಡಿಯಲು ಸುಮಾರು 10 ನ್ಯೂಟನ್ ಬಲ ಬೇಕು ಎಂದು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ.

ಇದೇ ಲೆಕ್ಕ ಅಪಾಯವನ್ನೂ ತೋರಿಸುತ್ತದೆ. ಬಿಜಾಗರಿಯಿಂದ 2 ಸೆಂ.ಮೀ. ದೂರದ ಸಂದಿನಲ್ಲಿ ಮಗುವಿನ ಬೆರಳಿದೆ ಎಂದುಕೊಳ್ಳಿ. ಯಾರೋ 80 ಸೆಂ.ಮೀ. ದೂರದಲ್ಲಿ 10 ನ್ಯೂಟನ್‌ನಷ್ಟು ಮಾತ್ರ ಮೆಲ್ಲಗೆ ತಳ್ಳಿದರೂ ಬೆರಳಿನ ಮೇಲೆ 400 ನ್ಯೂಟನ್, ಅಂದರೆ ಸುಮಾರು 40 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಬಿಜಾಗರಿಯ ಸಂದಿಗೆ ಬೆರಳು ಹೋಗದಂತೆ ನೋಡಿಕೊಳ್ಳಬೇಕು ಎನ್ನಲು ಇದಕ್ಕಿಂತ ಒಳ್ಳೆಯ ವಿವರಣೆ ಬೇಕಿಲ್ಲ.

*ಚಿಲಕ:* ಅಡ್ಡ ಚಿಲಕವನ್ನು ತೆಗೆಯಬೇಕಾದರೆ ಮೊದಲು ಹಿಡಿಯನ್ನು ಮೇಲಕ್ಕೆ ಎತ್ತಬೇಕು, ನಂತರ ಪಕ್ಕಕ್ಕೆ ಎಳೆಯಬೇಕು. ಕ್ರಮ ತಪ್ಪಿದರೆ ಅದು ಬರುವುದಿಲ್ಲ. 'ಮೊದಲು ಇದು, ಆಮೇಲೆ ಅದು' ಎಂಬ ಅನುಕ್ರಮವನ್ನು ಮಗು ಇಲ್ಲಿ ಕೈಯಿಂದಲೇ ಕಲಿಯುತ್ತದೆ. ತುಕ್ಕು ಹಿಡಿದ ಚಿಲಕ ಬಿಗಿ, ಎಣ್ಣೆ ಬಿಟ್ಟ ಚಿಲಕ ಸಡಿಲ. ಘರ್ಷಣೆಯ ಪಾಠಕ್ಕೆ 5ನೇ ತರಗತಿಯವರಿಗೆ ಬೇರೆ ಉಪಕರಣ ಬೇಕಾಗಿಲ್ಲ.

*ನಲ್ಲಿ:* 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ನಂತರ ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ಅಂಗಳಕ್ಕೆ ನಲ್ಲಿ ಬಂದಿದೆ. ತಿರುಗಿಸುವ ನಲ್ಲಿಯೊಳಗೆ ಇರುವುದು ತಿರುಪು. ತಿರುಪು ಎಂದರೆ ಕಂಬಿಗೆ ಸುತ್ತಿದ ಇಳಿಜಾರು. ನಲ್ಲಿಯ ತಲೆ ಸುತ್ತಿದಾಗ ಒಳಗಿನ ಬಿಲ್ಲೆ ಮೇಲೆ ಕೆಳಗೆ ಸರಿದು ನೀರಿನ ದಾರಿಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಬೆರಳುಗಳಿಂದ ಹಿಡಿದು ತಿರುಚುವ ಈ ಕೆಲಸ ಒಂದು ವರ್ಷದ ಮಗುವಿಗೆ ಕಷ್ಟ. ಎರಡೂವರೆ ವರ್ಷದ ಹೊತ್ತಿಗೆ ಬಹುತೇಕ ಮಕ್ಕಳು ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆಯಬಲ್ಲರು.

ಸಣ್ಣಗೆ ಬಿಟ್ಟ ನಲ್ಲಿಯ ಧಾರೆಯನ್ನು ಗಮನಿಸಿ. ಮೇಲೆ ದಪ್ಪ, ಕೆಳಗೆ ಸಣ್ಣ. ಬೀಳುತ್ತಾ ನೀರಿನ ವೇಗ ಹೆಚ್ಚುತ್ತದೆ, ಪ್ರತಿ ಸೆಕೆಂಡಿಗೆ ಹರಿಯುವ ನೀರಿನ ಪ್ರಮಾಣ ಅಷ್ಟೇ ಇರುತ್ತದೆ. ಆದ್ದರಿಂದ ಧಾರೆ ಕಿರಿದಾಗುತ್ತದೆ. ನಲ್ಲಿಯ ಬಾಯನ್ನು ಬೆರಳಿನಿಂದ ಅರ್ಧ ಮುಚ್ಚಿದಾಗ ನೀರು ದೂರಕ್ಕೆ ಚಿಮ್ಮುವುದಕ್ಕೂ ದಾರಿ ಕಿರಿದಾಗಿ ವೇಗ ಹೆಚ್ಚುವುದೇ ಕಾರಣ. ಮಗುವಿಗೆ ಈ ವಿವರಣೆ ಬೇಡ. ಅಂಗಿ ನೆನೆಯುತ್ತದೆ ಎಂಬ ಅನುಭವ ಸಾಕು.

ನೀರು ಪೋಲಾಗುತ್ತದೆ ಎಂಬ ಮನೆಯವರ ಆತಂಕ ನ್ಯಾಯವಾದದ್ದು. ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ 86,400 ಹನಿಗಳು. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಎಂದು ಹಿಡಿದರೆ ಅದು 4 ಲೀಟರಿಗೂ ಹೆಚ್ಚು. ಆದ್ದರಿಂದ ನಲ್ಲಿಯನ್ನು ಪೂರ್ತಿ ಬಿಡುವುದರ ಬದಲು ಒಂದು ಚೊಂಬು ನೀರು, ಎರಡು ಲೋಟ, ತಳಕ್ಕೆ ತೂತು ಮಾಡಿದ ಒಂದು ಡಬ್ಬಿ ಕೊಟ್ಟು ಎದುರಿಗೆ ಕುಳಿತುಕೊಳ್ಳಿ. ಆಟ ಮುಗಿದ ಮೇಲೆ ಆ ನೀರನ್ನು ಮಗುವಿನ ಕೈಯಿಂದಲೇ ಗಿಡಕ್ಕೆ ಹಾಕಿಸಿ.

*ಸ್ವಿಚ್ಚು:* ಸ್ವಿಚ್ಚು ಇರುವುದು ಗೋಡೆಯಲ್ಲಿ, ದೀಪ ಉರಿಯುವುದು ದೂರದಲ್ಲಿ. ಇಲ್ಲಿ ಮಾಡಿದ್ದಕ್ಕೆ ಅಲ್ಲಿ ಫಲ ಕಾಣುವುದು ಮಗುವಿಗೆ ದೊಡ್ಡ ವಿಸ್ಮಯ. ದೀಪ ಒಡನೆ ಹೊತ್ತುತ್ತದೆ, ಫ್ಯಾನು ನಿಧಾನವಾಗಿ ವೇಗ ಪಡೆಯುತ್ತದೆ, ಆರಿಸಿದ ಮೇಲೂ ಜಡತ್ವದಿಂದ ಸ್ವಲ್ಪ ಹೊತ್ತು ತಿರುಗುತ್ತದೆ. ಮಗು ಸ್ವಿಚ್ಚು ಒತ್ತಿ ಮೇಲೆ ನೋಡುತ್ತಾ ಕಾಯುವುದನ್ನು ನೀವು ಕಂಡಿರಬಹುದು. ಆ ಕಾಯುವಿಕೆಯೇ ಊಹೆ. ದೊಡ್ಡವರು ಎತ್ತಿಕೊಂಡು, ಮಗುವಿನ ಕೈ ಒಣಗಿರುವಾಗ, ಒಡೆಯದೆ ಸುಸ್ಥಿತಿಯಲ್ಲಿರುವ ಸ್ವಿಚ್ಚನ್ನು ಒಂದೊಂದಾಗಿ ಒತ್ತಿಸಬಹುದು. ಎರಡನ್ನು ಒಟ್ಟಿಗೆ ಒತ್ತಿದರೆ ಯಾವುದು ದೀಪದ್ದು, ಯಾವುದು ಫ್ಯಾನಿನದು ಎಂದು ತಿಳಿಯುವುದಿಲ್ಲ. ಆದರೆ ಸ್ವಿಚ್ಚಿನ ಪಕ್ಕದ ಪ್ಲಗ್ಗಿನ ತೂತುಗಳ ವಿಷಯ ಬೇರೆ. ಅದನ್ನು ಮುಂದೆ ನೋಡೋಣ.

ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು?

ಎಲ್ಲದಕ್ಕೂ "ಮುಟ್ಟಬೇಡ" ಎಂದರೆ ಆ ಮಾತಿನ ಬೆಲೆ ಹೋಗುತ್ತದೆ. ಚಿಲಕಕ್ಕೂ ಅದೇ ಗದರಿಕೆ, ಕುದಿಯುವ ಹಂಡೆಗೂ ಅದೇ ಗದರಿಕೆ ಆದರೆ ಯಾವುದು ನಿಜವಾದ ಅಪಾಯ ಎಂದು ಮಗುವಿಗೆ ಹೇಗೆ ತಿಳಿಯಬೇಕು? ಆದ್ದರಿಂದ ಮನೆಯ ವಸ್ತುಗಳನ್ನು ಮೂರು ಗುಂಪು ಮಾಡಿಕೊಳ್ಳುವುದು ಉತ್ತಮ.

ಮೊದಲ ಗುಂಪು, ಮಗುವಿಗೆ ಬಿಟ್ಟುಕೊಡಬಹುದಾದವು: ಪಾತ್ರೆ ಮತ್ತು ಮುಚ್ಚಳ, ಅಗಲ ಬಾಯಿಯ ಖಾಲಿ ಡಬ್ಬಿ, ಮರದ ಸೌಟು, ಬುಟ್ಟಿ, ಗೋಡೆಗೆ ಭದ್ರವಾಗಿ ಕೂರಿಸಿದ ಕೆಳಗಿನ ಬೀರುವಿನ ಬಾಗಿಲು.

ಎರಡನೆಯ ಗುಂಪು, ದೊಡ್ಡವರು ಜೊತೆಗಿದ್ದಾಗ ಮಾತ್ರ: ಬಾಗಿಲು, ಚಿಲಕ, ಸ್ವಿಚ್ಚು, ನಲ್ಲಿ, ಬೀಗ ಮತ್ತು ಕೀಲಿಕೈ. ಮಗು ಒಳಗಿನಿಂದ ಚಿಲಕ ಹಾಕಿಕೊಂಡು ಸಿಕ್ಕಿಕೊಳ್ಳುವುದುಂಟು. ಬಚ್ಚಲುಮನೆ ಮತ್ತು ಕೋಣೆಗಳ ಒಳಚಿಲಕ ಮಗುವಿನ ಕೈಗೆಟುಕದ ಎತ್ತರದಲ್ಲಿರಲಿ.

ಮೂರನೆಯ ಗುಂಪು, ಯಾವ ಕಾರಣಕ್ಕೂ ಕೂಡದು. ಇವುಗಳನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

*ನೀರು ತುಂಬಿದ ಬಕೆಟ್, ಹಂಡೆ, ತೊಟ್ಟಿ, ಸಂಪು:* ಹುಟ್ಟಿದಾಗ ಮಗುವಿನ ತಲೆ ಅದರ ಉದ್ದದ ಸುಮಾರು ನಾಲ್ಕನೇ ಒಂದು ಭಾಗ. ವಯಸ್ಕರಲ್ಲಿ ಸುಮಾರು ಎಂಟನೇ ಒಂದು ಭಾಗ. ಆದ್ದರಿಂದ ಪುಟ್ಟ ಮಗುವಿನ ಶರೀರದ ಮೇಲ್ಭಾಗ ಭಾರ. ಬಕೆಟ್ಟಿನ ಅಂಚಿಗೆ ಎದೆಯೊತ್ತಿ ಬಗ್ಗಿದಾಗ ಅಂಚೇ ಸನ್ನೆಯ ಆನಿಕೆಯಾಗುತ್ತದೆ, ತಲೆಯ ಭಾಗ ಕೆಳಗೆ ಜಾರುತ್ತದೆ, ಕಾಲು ಮೇಲೇಳುತ್ತದೆ. ತುಂಬಿದ ಬಕೆಟ್ ಭಾರವಾಗಿರುವುದರಿಂದ ಮಗುಚುವುದೂ ಇಲ್ಲ. ಐದಾರು ಸೆಂ.ಮೀ. ಆಳದ ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ಸದ್ದೂ ಆಗದೆ ಇರಬಹುದು. ಬಳಸಿದ ಕೂಡಲೇ ಬಕೆಟ್ ಖಾಲಿ ಮಾಡಿ ಬೋರಲು ಹಾಕಬೇಕು. ಸಂಪಿಗೆ ಭದ್ರವಾದ ಮುಚ್ಚಳ ಇರಲೇಬೇಕು.

*ಪ್ಲಗ್ಗಿನ ತೂತು, ಒಡೆದ ಸ್ವಿಚ್ಚು, ಸುಲಿದ ತಂತಿ:* ನಮ್ಮ ಮನೆಗಳ ವಿದ್ಯುತ್ 230 ವೋಲ್ಟ್. ಒದ್ದೆ ಚರ್ಮದ ರೋಧ ಕಡಿಮೆ, ಆದ್ದರಿಂದ ಹೆಚ್ಚು ವಿದ್ಯುತ್ ಹರಿಯುತ್ತದೆ. ಮಗುವಿನ ಬೆರಳು ಚಿಕ್ಕದು, ಬಾಯಿಯ ಜೊಲ್ಲಿನಿಂದ ಸದಾ ಒದ್ದೆ. ಕೈಗೆಟುಕುವ ಪ್ಲಗ್ಗುಗಳಿಗೆ ಮುಚ್ಚಳ ಹಾಕಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿದುಹಾಕುವ ಸುರಕ್ಷತಾ ಸಾಧನವನ್ನು ಮೀಟರಿನ ಬಳಿ ಅಳವಡಿಸಿದರೆ ಇನ್ನೂ ಒಳ್ಳೆಯದು. ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಬರಿಗೈಯಲ್ಲಿ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ಚು ಆರಿಸಬೇಕು, ದೊಡ್ಡವರನ್ನು ಕೂಗಬೇಕು. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಬಾಯಿಪಾಠ ಮಾಡಿಸಿ.

*ಗುಂಡಿಯಾಕಾರದ ಚಿಕ್ಕ ಬ್ಯಾಟರಿ:* ಆಟಿಕೆ, ಗಡಿಯಾರ, ರಿಮೋಟುಗಳಲ್ಲಿ ಇರುತ್ತದೆ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ತೀವ್ರ ಸುಟ್ಟಗಾಯ ಮಾಡಬಲ್ಲದು. ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಆಂಬುಲೆನ್ಸಿಗೆ 108.

*ಬಿಸಿ ನೀರು, ಒಲೆ, ವಿಷ:* 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಮಗುವಿನ ಎಳೆ ಚರ್ಮವನ್ನು ಸುಡುತ್ತದೆ. ಗ್ಯಾಸ್ ಒಲೆ ಬಳಸಿದ ನಂತರ ರೆಗ್ಯುಲೇಟರ್ ಆರಿಸಿಡಬೇಕು. ಕೀಟನಾಶಕ, ಫಿನಾಯಿಲ್, ಆಸಿಡ್‌ಗಳನ್ನು ತಂಪು ಪಾನೀಯದ ಬಾಟಲಿಗಳಲ್ಲಿ ಎಂದೂ ತುಂಬಿಡಬಾರದು.

*ಹಳೆಯ ಬಣ್ಣದ ಪದರ:* ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ ಮೀರಬಾರದು ಎಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಮಾಡಿತು. ಅದಕ್ಕೂ ಹಿಂದೆ ಬಳಿದ ಕಿಟಕಿ ಬಾಗಿಲುಗಳ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಸೀಸ ಮಿದುಳಿನ ಬೆಳವಣಿಗೆಗೆ ಹಾನಿಕರ. ಸಿಪ್ಪೆ ಏಳುತ್ತಿರುವ ಬಣ್ಣವನ್ನು ಮಗು ಬಾಯಿಗೆ ಹಾಕದಂತೆ ಎಚ್ಚರ ವಹಿಸಿ.

ತಡೆಯುವಾಗ ಒಂದು ಕ್ರಮ ಅನುಸರಿಸಿ. "ಬಿಸಿ!" ಎಂದು ಕಾರಣವನ್ನು ಒಂದೇ ಪದದಲ್ಲಿ ಹೇಳಿ, ಮಗುವನ್ನು ಅಲ್ಲಿಂದ ಎತ್ತಿ, ಅದೇ ಬಗೆಯ ಬೇರೆ ಕೆಲಸ ಕೊಡಿ. ಒಲೆಯ ಗುಂಡಿ ತಿರುಗಿಸಬೇಕೆಂದಿದ್ದ ಕೈಗೆ ತಿರುಗಿಸುವ ಮುಚ್ಚಳದ ಡಬ್ಬಿ ಕೊಟ್ಟರೆ ಅದರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಚಟುವಟಿಕೆ 1: ಚಿಲಕದ ಹಲಗೆ

ಇದು ಹೊಸ ಕಲ್ಪನೆಯೇನಲ್ಲ. ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ತೆರೆದ 'ಮಕ್ಕಳ ಮನೆ'ಯಿಂದ ಬೆಳೆದ ಶಿಕ್ಷಣ ಪದ್ಧತಿಯಲ್ಲಿ ಗುಂಡಿ ಹಾಕುವುದು, ನೀರು ಸುರಿಯುವುದು ಮುಂತಾದ ದಿನನಿತ್ಯದ ಕೆಲಸಗಳೇ ಪಾಠಗಳು. ಅವರು 1939ರಲ್ಲಿ ಭಾರತಕ್ಕೆ ಬಂದು ಎರಡನೇ ಮಹಾಯುದ್ಧದ ವರ್ಷಗಳನ್ನು ಇಲ್ಲಿಯೇ ಕಳೆದರು. ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿ ಈ ಮಾರ್ಗವನ್ನು ನಮ್ಮ ನೆಲಕ್ಕೆ ಹೊಂದಿಸಿದ್ದರು.

ಬೇಕಾಗುವ ಸಾಮಗ್ರಿ: ಸುಮಾರು 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ, ಉಪ್ಪುಕಾಗದ, ಒಂದು ಅಡ್ಡ ಚಿಲಕ, ಬಿಜಾಗರಿ ಹಾಕಿದ ಪುಟ್ಟ ಮರದ ಬಾಗಿಲು, ಕೊಂಡಿ, ಪ್ಲಾಸ್ಟಿಕ್ ನಲ್ಲಿ, ಪೆಟ್ಟಿಗೆಯಲ್ಲಿ ಕೂರಿಸಿದ ತಂತಿಯಿಲ್ಲದ ಸ್ವಿಚ್ಚು, ತಿರುಗಿಸುವ ಮುಚ್ಚಳದ ಅಗಲ ಬಾಯಿಯ ಡಬ್ಬಿ.

ವಿಧಾನ: ಹಲಗೆಯ ಅಂಚುಗಳನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ಸಾಧನಗಳನ್ನು ಮೊಳೆ ಹೊಡೆಯದೆ ಸ್ಕ್ರೂಗಳಿಂದಲೇ ಬಿಗಿಯಿರಿ. ಹಿಂಬದಿಯಲ್ಲಿ ಸ್ಕ್ರೂ ತುದಿ ಹೊರಬರದಂತೆ ನೋಡಿಕೊಳ್ಳಿ. ಸರಪಳಿ ಅಥವಾ ದಾರ ಹಾಕುವುದಾದರೆ ಒಂದು ಗೇಣಿಗಿಂತ ಉದ್ದ ಇರಬಾರದು. ಬಣ್ಣ ಬಳಿಯುವುದು ಬೇಡ. ಈ ಹಲಗೆಗೆ ಯಾವ ಕಾರಣಕ್ಕೂ ಮನೆಯ ವಿದ್ಯುತ್ ಸಂಪರ್ಕ ಕೊಡಬಾರದು. ಮಗುವಿನ ಎದೆಯ ಎತ್ತರಕ್ಕೆ ಗೋಡೆಗೆ ಭದ್ರವಾಗಿ ಕೂರಿಸಿ.

ಊರಿನ ಬಡಗಿಯನ್ನು ಕೇಳಿದರೆ ಉಳಿದ ಹಲಗೆ ತುಂಡು, ಹಳೆಯ ಚಿಲಕ ಸಿಗುತ್ತವೆ. ಶಾಲೆಯ ಆವರಣದ ಅಂಗನವಾಡಿಗೆ ಅಥವಾ 2023ರ ನಂತರ ಹಲವು ಗ್ರಾಮ ಪಂಚಾಯಿತಿಗಳಲ್ಲಿ ತೆರೆದ 'ಕೂಸಿನ ಮನೆ'ಗೆ ಇದು ಒಳ್ಳೆಯ ಕೊಡುಗೆ. ಕೊಟ್ಟ ಮೇಲೆ "ಹೀಗೆ ಮಾಡು" ಎಂದು ತೋರಿಸಲು ಆತುರಪಡಬೇಡಿ. ಮಗು ತಾನೇ ಹುಡುಕಲಿ.

ಚಟುವಟಿಕೆ 2: ನುಂಗಬಹುದಾದ ವಸ್ತು ಯಾವುದು?

ಸುಮಾರು 3.2 ಸೆಂ.ಮೀ. ವ್ಯಾಸದ ಗಿಡ್ಡ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂಬ ಅಳತೆಯನ್ನು ಆಟಿಕೆಗಳ ಸುರಕ್ಷತೆಗೆ ಬಳಸುತ್ತಾರೆ. ಈ ಕೊಳವೆಯನ್ನು 5ನೇ ತರಗತಿಯವರೇ ಮಾಡಬಹುದು. 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ರಟ್ಟಿನ ಪಟ್ಟಿಯನ್ನು ಬಳೆಯಂತೆ ಬಾಗಿಸಿ, ತುದಿಗೆ ತುದಿ ತಾಗಿಸಿ ಅಂಟಿಸಿ. ಪರಿಧಿ 10 ಸೆಂ.ಮೀ. ಇರುವುದರಿಂದ ವ್ಯಾಸ 10 ÷ 3.14, ಅಂದರೆ ಸುಮಾರು 3.2 ಸೆಂ.ಮೀ. ಮನೆಯಲ್ಲಿ ನೆಲದ ಮೇಲೆ ಸಿಗುವ ಗೋಲಿ, ನಾಣ್ಯ, ಗುಂಡಿ, ಹುಣಸೆಬೀಜ, ಪೆನ್ನಿನ ಮುಚ್ಚಳಗಳನ್ನು ಇದರಲ್ಲಿ ಹಾಕಿ ಪರೀಕ್ಷಿಸಿ ಪಟ್ಟಿ ಮಾಡಲಿ. ಒಳಗೆ ಇಳಿದವೆಲ್ಲ ಮೇಲಿನ ಕಪಾಟಿಗೆ ಹೋಗಬೇಕು.

ಚಟುವಟಿಕೆ 3: ವೀಕ್ಷಣಾ ಪುಸ್ತಕ

ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಒಂದರಿಂದ ಮೂರು ವರ್ಷದ ಮಗು ಇರುವ ವಿದ್ಯಾರ್ಥಿಗಳು ದೊಡ್ಡವರ ಸಮ್ಮುಖದಲ್ಲಿ ದಿನಕ್ಕೆ 10 ನಿಮಿಷದಂತೆ ಒಂದು ವಾರ ಆ ಮಗುವನ್ನು ಗಮನಿಸಲಿ. ಪುಟದಲ್ಲಿ ನಾಲ್ಕು ಕಲಂ ಇರಲಿ: ಮಗು ಮುಟ್ಟಿದ ವಸ್ತು, ಏನು ಮಾಡಿತು, ಎಷ್ಟು ಸಲ ಮಾಡಿತು, ಪ್ರತಿ ಸಲ ಏನನ್ನು ಬದಲಿಸಿತು. ಕಂಡದ್ದನ್ನು ಮಾತ್ರ ಬರೆಯಬೇಕು. "ಪಾಪು ಹಟ ಮಾಡಿತು" ಎಂಬುದು ನಮ್ಮ ಅಭಿಪ್ರಾಯ. "ಪಾಪು ಮುಚ್ಚಳವನ್ನು 7 ಸಲ ಬೀಳಿಸಿತು, 3 ಸಲ ಎಡಗೈಯಿಂದ" ಎಂಬುದು ವೀಕ್ಷಣೆ. ಈ ವ್ಯತ್ಯಾಸ ತಿಳಿದ ದಿನ ವಿದ್ಯಾರ್ಥಿ ವಿಜ್ಞಾನದ ಮೊದಲ ಪಾಠ ಕಲಿತ ಹಾಗೆ.

ವಾರದ ಕೊನೆಗೆ ಎಲ್ಲರ ಪುಟಗಳನ್ನು ತರಗತಿಯಲ್ಲಿ ಓದಿಸಿ, ಯಾವ ವಸ್ತು ಹೆಚ್ಚು ಮಕ್ಕಳನ್ನು ಸೆಳೆಯಿತು ಎಂದು ಸ್ತಂಭ ನಕ್ಷೆ ಬರೆಸಿ. ಮಗುವಿನ ಬೆಳವಣಿಗೆಯ ಬಗ್ಗೆ ಮನೆಯವರಿಗೆ ಸಂದೇಹವಿದ್ದರೆ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ಕಾಣಲು ತಿಳಿಸಿ. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ಆದ್ದರಿಂದ ಮಕ್ಕಳನ್ನು ಹೋಲಿಸಿ ಅಂಕ ಕೊಡುವುದು ಬೇಡ.

ಚರ್ಚಿಸಿ, ಉತ್ತರಿಸಿ

1. ಬಾಗಿಲಿನ ಹಿಡಿಯನ್ನು ಬಿಜಾಗರಿಯಿಂದ ದೂರದಲ್ಲಿ ಏಕೆ ಇಡುತ್ತಾರೆ?
2. ಬಿಜಾಗರಿಯಿಂದ 60 ಸೆಂ.ಮೀ. ದೂರದಲ್ಲಿ 10 ನ್ಯೂಟನ್ ಬಲದಿಂದ ತಿರುಗುವ ಬಾಗಿಲನ್ನು 15 ಸೆಂ.ಮೀ. ದೂರದಲ್ಲಿ ತಳ್ಳಲು ಎಷ್ಟು ಬಲ ಬೇಕು?
3. ತ್ರಿಕೋನಾಕಾರದ ಕಾಗದವನ್ನು ಪೆನ್ಸಿಲಿಗೆ ಸುತ್ತಿ ನೋಡಿ. ಅದರ ಅಂಚು ಯಾವ ಸಾಧನವನ್ನು ಹೋಲುತ್ತದೆ?
4. ನಿಮ್ಮ ಮನೆಯ ವಸ್ತುಗಳನ್ನು 'ಬಿಡಬಹುದು', 'ಜೊತೆಗಿದ್ದು ಬಿಡಬಹುದು', 'ಕೂಡದು' ಎಂದು ಮೂರು ಗುಂಪು ಮಾಡಿ, ಮನೆಯವರಿಗೆ ಓದಿ ಹೇಳಿ. ಅವರು ಯಾವುದನ್ನು ಬದಲಿಸಿದರು? ಏಕೆ?

ಶಿಕ್ಷಕರಿಗೆ ಸೂಚನೆ: ನಾಲ್ಕನೇ ಪ್ರಶ್ನೆಯನ್ನು ಬಿಡದೆ ಮಾಡಿಸಿ. ಮುಂದಿನ ಪೋಷಕರ ಸಭೆಯಲ್ಲಿ ಮಕ್ಕಳ ಕೈಯಿಂದಲೇ ಆ ಪಟ್ಟಿಗಳನ್ನು ಓದಿಸಿ. ಬೋರಲು ಹಾಕಿದ ಒಂದು ಬಕೆಟ್, ಮುಚ್ಚಿದ ಒಂದು ಸಂಪು, ಮಗುವಿನ ಕೈಗೆ ಸಿಕ್ಕ ಒಂದು ಚಿಲಕ ಇಷ್ಟು ಆದರೂ ಈ ಪಾಠದ ಉದ್ದೇಶ ನೆರವೇರಿದಂತೆ.